ಐದೂವರೆ ಗಂಟೆ ಹಿಂದಿದ್ದ ಕಾವಲುಗಾರ

ತಪ್ಪು ಪಾಸ್‌ವರ್ಡ್ ಹೊಡೆಯೋರಿಗೆ ಕೊನೆಗೂ ಬ್ಯಾನ್ ಬಿತ್ತು! ನಾಲ್ಕು ರಾತ್ರಿ ತಿಂದಿತ್ತು ಇದು.

ದಾವಣಗೆರೆ ಮಂಡಿಪೇಟೆಯ ನಮ್ಮ ಅಂಗಡಿಯ ಉದ್ರಿ ಪುಸ್ತಕವನ್ನು ಮನೆಯ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಕೂರಿಸಿದ್ದೆ. ಅದನ್ನು ಇಂಟರ್‌ನೆಟ್‌ಗೆ ಬಿಟ್ಟ ದಿನವೇ ಬಾಟ್‌ಗಳು (ತಾವೇ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು) ವಕ್ಕರಿಸಿದವು. ಅಡ್ಮಿನ್, ರೂಟ್, ಟೆಸ್ಟ್ ಅಂತ ಒಂದೇ ಸಮ ಬಾಗಿಲು ಬಡಿತ. ಉದ್ರಿ ವಸೂಲಿ ಮಾಡಿಕೊಡೋದಾದ್ರೆ ಪಾಸ್‌ವರ್ಡ್ ನಾನೇ ಕೊಡ್ತಿದ್ದೆ.

ಲಾಗ್ (ಯಾರು ಯಾವಾಗ ಬಂದರು ಅನ್ನೋ ದಾಖಲೆ) ಓದಿ, ಪದೇ ಪದೇ ತಪ್ಪು ಹೊಡೆಯೋ ಐಪಿಯನ್ನು (ನೆಟ್ ವಿಳಾಸ) ತಡೆಯೋ ಫೇಲ್‌ಟುಬ್ಯಾನ್ ಹಾಕಿದೆ. ಅದರ ಮಾಮೂಲಿ ಲೆಕ್ಕವೇ: 10 ನಿಮಿಷದಲ್ಲಿ 5 ತಪ್ಪಾದರೆ 10 ನಿಮಿಷ ಹೊರಗೆ. ರೆಜೆಕ್ಸ್ (ಲಾಗ್‌ನಲ್ಲಿ ತಪ್ಪಿನ ಸಾಲು ಹುಡುಕೋ ಮಾದರಿ) ಪರೀಕ್ಷೆಯಲ್ಲಿ ಪ್ರತಿ ಸಾಲೂ ಸಿಕ್ಕಿತು. ಸ್ಟೇಟಸ್ ನೋಡಿದರೆ ಮಾತ್ರ ತಪ್ಪು ಸೊನ್ನೆ, ಬ್ಯಾನ್ ಸೊನ್ನೆ. ರೆಜೆಕ್ಸ್ ಮೂರು ಸಲ ಬರೆದೆ. ಆಪ್ ಓಡೋದು ಡಾಕರ್ ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬದೊಳಗೆ. ಅದರ ಫೈರ್‌ವಾಲ್ ಪಟ್ಟಿ, ಅಂದ್ರೆ ಡಾಕರ್-ಯೂಸರ್ ಚೈನ್, ಮರೆತೆಯಾ ಅಂತ ಕೇಳಬೇಡಿ, ಬ್ಯಾನ್ ಅಲ್ಲಿಗೇ ಹಾಕಿದ್ದೆ. ತಪ್ಪೇ ಎಣಿಸದಿದ್ದರೆ ಚೈನ್ ಏನು ಮಾಡೀತು?

ರಾತ್ರಿ ಮಂಡಕ್ಕಿ ಮೆಲ್ಲುತ್ತಾ ಲಾಗ್ ನೋಡುತ್ತಿದ್ದೆ. ಅಪ್ಪಾಜಿಯ ಹೆಸರಲ್ಲಿ ಎರಡು ತಪ್ಪು, ಸಮಯ 17:12.

“ಅಪ್ಪಾಜಿ, ಸಂಜೆ ಐದು ಗಂಟೆಗೆ ಪಾಸ್‌ವರ್ಡ್ ತಪ್ಪು ಹೊಡೆದ್ರಾ?”

“ಏ, ಐದಕ್ಕೆ ಲೋಡ್ ಇಳಿಸ್ತಿದ್ವಲ್ಲೋ. ಹೊಡೆದಿದ್ದು ಈಗ, ಊಟ ಆದ್ಮೇಲೆ.”

ಗೋಡೆ ಗಡಿಯಾರದಲ್ಲಿ ಹತ್ತೂ ಮುಕ್ಕಾಲು ಆಗುತ್ತಿತ್ತು. ಕಳೆದು ನೋಡಿದೆ. ಐದೂವರೆ ಗಂಟೆ!

ಕಂಟೇನರ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಬರೆಯುತ್ತಿತ್ತು, ಪೈ ನಮ್ಮ ಸಮಯದಲ್ಲಿ ಓದುತ್ತಿತ್ತು. ಲಾಗ್ ಸಾಲಿನಲ್ಲಿ ವಲಯದ ಗುರುತೇ ಇಲ್ಲ (ನಾನೇ ಬರೆದ ಕೋಡ್, ಯಾರನ್ನ ಬೈಯಲಿ). ಈಗಷ್ಟೇ ಆದ ತಪ್ಪೂ ಐದೂವರೆ ಗಂಟೆ ಹಿಂದಿನ ಹಳಸಲು ಅಂತ ಫೇಲ್‌ಟುಬ್ಯಾನ್ ಬಿಸಾಡುತ್ತಿತ್ತು. ಪರೀಕ್ಷಾ ಕಮಾಂಡ್ ಈ 10 ನಿಮಿಷದ ಗಡುವು ನೋಡೋದೇ ಇಲ್ಲ, ಅದಕ್ಕೇ ಅಲ್ಲಿ ಎಲ್ಲಾ ಪಾಸ್. ಹೊಸ ಆವೃತ್ತಿಗಳು ಈ ವ್ಯತ್ಯಾಸ ಕಂಡರೆ ಎಚ್ಚರಿಸುತ್ತವೆ. ನನ್ನದು ಹಳೇ 0.10.

ಕಂಟೇನರಿಗೆ ಏಷ್ಯಾ/ಕೋಲ್ಕತಾ ಅಂತ ಸಮಯ ವಲಯ ಕೊಟ್ಟೆ. ಏನೂ ಬದಲಾಗಲಿಲ್ಲ! ಕಂಟೇನರಿನ ಬುನಾದಿಯಾದ ಆಲ್ಪೈನ್ ಅನ್ನೋ ಪುಟ್ಟ ಲಿನಕ್ಸ್‌ನ ಬರೀ ಇಮೇಜಿನಲ್ಲಿ ಟಿಝಡ್‌ಡೇಟಾ (ಸಮಯ ವಲಯಗಳ ಮಾಹಿತಿ) ಪ್ಯಾಕೇಜ್ ಇರಲ್ಲ, ಇಲ್ಲ ಅಂತ ಹೇಳೋದೂ ಇಲ್ಲ, ಸುಮ್ನೆ ಯುಟಿಸಿಯಲ್ಲೇ ಕೂರುತ್ತೆ. ಅದನ್ನೂ ಸೇರಿಸಿದೆ. ಮೊಬೈಲ್ ಡೇಟಾದಿಂದ ಐದು ಸಲ ತಪ್ಪು ಹೊಡೆದೆ. ಆರನೇ ಸಲಕ್ಕೆ ಪುಟವೇ ಬರಲಿಲ್ಲ. ಆಹಾ.

ಬ್ಯಾನ್ ಸಮಯ ಜಾಸ್ತಿ ಮಾಡಿಲ್ಲ. ಮೊಬೈಲ್‌ನಲ್ಲಿ ಒಂದೇ ಐಪಿ ಎಷ್ಟೋ ಜನರಿಗೆ ಹಂಚಿರುತ್ತೆ, ಅಲ್ವಾ? ನೂರಾರು ಐಪಿಗಳಿಂದ ನಿಧಾನಕ್ಕೆ ಒಂದೊಂದೇ ಊಹಿಸುವವರನ್ನು ಇದು ಹಿಡಿಯೋದೂ ಇಲ್ಲ. ಅದಕ್ಕೇ ಮುಂದಿನದು ಪಾಸ್‌ವರ್ಡ್ ಜೊತೆಗೆ 30 ಸೆಕೆಂಡಿಗೆ ಬದಲಾಗುವ 6 ಅಂಕಿಯ ಕೋಡ್. ಅಲ್ಲೂ ಗಡಿಯಾರವೇ! ಪೈ 4ರಲ್ಲಿ ಆರ್‌ಟಿಸಿ (ಕರೆಂಟ್ ಹೋದರೂ ಬ್ಯಾಟರಿಯಲ್ಲಿ ಓಡೋ ಗಡಿಯಾರ) ಇಲ್ಲ, ಕರೆಂಟ್ ಹೋಗಿ ಬಂದಾಗ ನೆಟ್ ಸಿಗೋವರೆಗೆ ಅದರ ಸಮಯ ನಂಬೋ ಹಾಗಿಲ್ಲ. ಡಿಎಸ್3231 ಅನ್ನೋ ಅಂಥದೇ ಗಡಿಯಾರದ ಚಿಪ್ ತರಿಸಿದೆ. ಫೋಟೋದಲ್ಲಿ ಬ್ಯಾಟರಿ ಇತ್ತು, ಡಬ್ಬದಲ್ಲಿ ಇಲ್ಲ. ಮಾರಿದವನಿಗೆ ಫೋನ್ ಮಾಡಿದರೆ “ಫೋಟೋ ಬರೀ ತೋರಿಸೋಕೆ ಸರ್” ಅಂತಾನೆ.