ಕಡಲು ಕಾಣುವ ರೂಮು

ಅತ್ತೆ ಬಾತ್‌ರೂಮಿನೊಳಗೆ ಸಿಕ್ಕಿಹಾಕಿಕೊಂಡದ್ದು ಎರಡನೇ ದಿನ ಬೆಳಿಗ್ಗೆ. ಅದರ ಸುಳಿವು ಮೊದಲ ದಿನವೇ ಸಿಕ್ಕಿತ್ತು. ನಾವು ಗಮನಿಸಲಿಲ್ಲ ಅಷ್ಟೇ.

ಫೋಟೋ ನೋಡಿ ರೆಸಾರ್ಟ್ ಬುಕ್ ಮಾಡಿದ್ದು ನಾನೇ. ಮದುವೆಯಾಗಿ ಹತ್ತು ವರ್ಷ ಆಯ್ತು, ಎರಡು ರಾತ್ರಿ ಕಡಲ ದಂಡೆಯಲ್ಲಿ ಇದ್ದು ಬರೋಣ ಅಂತ ಆಸೆ. "ನೀವಿಬ್ಬರೇ ಹೋಗಿಬನ್ನಿ" ಎಂದ ಅತ್ತೆ, ಸಮುದ್ರ ಅಂದ ಕೂಡಲೇ ಬ್ಯಾಗು ತುಂಬಲು ಶುರುಮಾಡಿದರು. ಎರಡು ರಾತ್ರಿಗೆ ನಮ್ಮ ಒಂದು ತಿಂಗಳ ಮನೆ ಬಾಡಿಗೆಯಷ್ಟು ದುಡ್ಡು. ಅತ್ತೆಗೆ ಅದರ ಅರ್ಧ ಹೇಳಿದ್ದೆ.

ಹೊರಗಿನಿಂದ ನೋಡಿದರೆ ಜಾಗ ಚೆನ್ನಾಗಿಯೇ ಇತ್ತು. ರಿಸೆಪ್ಷನ್‌ನಲ್ಲಿ ಹೊಸ ಪೇಂಟಿನ ವಾಸನೆ, ದೊಡ್ಡ ಕಾರಂಜಿ, ನಗುವ ಹುಡುಗಿ. ಆ ಹೊಳಪೆಲ್ಲ ಲಿಫ್ಟಿನ ಬಾಗಿಲಿಗೇ ಮುಗಿಯಿತು. ಕಾರಿಡಾರಿನ ಕಾರ್ಪೆಟ್ ಒದ್ದೆ ಬಟ್ಟೆಯ ಹಾಗೆ ನಾರುತ್ತಿತ್ತು. ಗೋಡೆಯಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಬೆರಳಲ್ಲಿ ಒತ್ತಿದೆ, ಪೇಂಟಿನ ಹಿಂದಿನಿಂದ ಬಿಳಿ ಪುಡಿ ಉದುರಿತು. "ಮುಟ್ಟಬೇಡ, ಅದನ್ನೂ ಬಿಲ್ಲಿಗೆ ಸೇರಿಸ್ತಾರೆ" ಎಂದರು ಇವರು.

ಫೋಟೋದಲ್ಲಿ ಹಾಲ್‌ನಷ್ಟು ದೊಡ್ಡದಿದ್ದ ರೂಮು ಕಣ್ಣೆದುರು ಅರ್ಧಕ್ಕೆ ಇಳಿದಿತ್ತು. ವೈಡ್ ಆಂಗಲ್ ಲೆನ್ಸಿನ ಮಹಿಮೆ. ಆ ಲೆನ್ಸು ಚೌಕಟ್ಟಿನ ಅಂಚಿನಲ್ಲಿರುವುದನ್ನೆಲ್ಲ ಎಳೆದು ಅಗಲ ಮಾಡುತ್ತದೆ. ನಾನು ಸೋಫಾ ಎಂದುಕೊಂಡದ್ದು ಒಬ್ಬರು ಕೂರುವ ಕುರ್ಚಿ. ಅತ್ತೆಗೆಂದು ಹಾಕಿಸಿದ ಹೆಚ್ಚುವರಿ ಹಾಸಿಗೆ ಬಂದ ಮೇಲೆ ನಡೆಯಲೂ ಜಾಗವಿರಲಿಲ್ಲ.

ಇನ್ನು ಸಮುದ್ರ. ಬಾಲ್ಕನಿಗೆ ಹೋದರೆ ಎದುರಿಗೆ ಪಾರ್ಕಿಂಗ್, ಅದರಾಚೆ ನೀರಿನ ಟ್ಯಾಂಕ್. ಎಡ ಮೂಲೆಗೆ ಸರಿದು, ಕಂಬಿ ಹಿಡಿದು, ಕತ್ತು ಉದ್ದ ಮಾಡಿದರೆ ಎರಡು ಕಟ್ಟಡಗಳ ನಡುವೆ ಒಂದು ಅಂಗೈ ಅಗಲದ ನೀಲಿ. ನಾನು ಕೆಳಗಿಳಿದು ಹೋಗಿ ಕೇಳಿದೆ. ಹುಡುಗಿ ನಗುತ್ತಲೇ ಬುಕಿಂಗ್ ಕಾಗದ ತಿರುಗಿಸಿ ತೋರಿಸಿದಳು. 'ಸೀ ವ್ಯೂ' ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಪಾರ್ಷಿಯಲ್' ಎಂದಿತ್ತು. ಬೇರೆ ರೂಮು ಕೊಡಿ ಎಂದರೆ ಎಲ್ಲ ಭರ್ತಿಯಂತೆ. ಆ ರಾತ್ರಿ ಹೊರಗೆ ನಿಂತು ಲೆಕ್ಕ ಹಾಕಿದೆ. ದೀಪ ಉರಿಯುತ್ತಿದ್ದದ್ದು ಒಂಬತ್ತು ಕಿಟಕಿಗಳಲ್ಲಿ.

ನೀರಿನ ಹತ್ತಿರವಾದರೂ ಹೋಗೋಣ ಎಂದು ಮೂರೂವರೆ ಹೊತ್ತಿಗೆ ಇಳಿದರೆ ಅಲೆಗಳು ಎಲ್ಲೋ ದೂರದಲ್ಲಿದ್ದವು. ಮುಂದೆ ಬರೀ ಕೆಸರು, ಕೊಳೆತ ಮೊಟ್ಟೆಯಂಥ ವಾಸನೆ. ಇಳಿತದ ಹೊತ್ತು ಅದು. ಗಾಳಿ ಸಿಗದ ಕೆಸರಿನೊಳಗಿನ ಬ್ಯಾಕ್ಟೀರಿಯಾಗಳು ಬಿಡುವ ಹೈಡ್ರೋಜನ್ ಸಲ್ಫೈಡ್ ಹಾಗೆ ನಾರುತ್ತದೆ. ಫೋಟೋದಲ್ಲಿ ನೀರು ಮೆಟ್ಟಿಲು ಮುಟ್ಟುತ್ತಿತ್ತು, ಅಂದರೆ ಉಬ್ಬರ ನೋಡಿಕೊಂಡೇ ತೆಗೆದಿದ್ದಾರೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ನಡುವೆ ಇಳಿತ. ಇವರು ಮೊಬೈಲಿನಲ್ಲಿ ಹೊತ್ತು ನೋಡಿದರು. ನೀರು ತುಂಬುವುದು ರಾತ್ರಿ ಒಂಬತ್ತಕ್ಕೆ, ಕತ್ತಲಲ್ಲಿ. ಆಮೇಲೆ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ. "ಸಮುದ್ರಕ್ಕೂ ಡ್ಯೂಟಿ ಟೈಮ್ ಇದೆಯಾ?" ಎಂದರು ಅತ್ತೆ.

ಇವರು ಸಿವಿಲ್ ಎಂಜಿನಿಯರ್. ಅಂಥವರನ್ನು ಹಳೇ ಕಟ್ಟಡಕ್ಕೆ ಕರೆದುಕೊಂಡು ಹೋಗಬಾರದು. ಸಂಜೆಯೆಲ್ಲ ಬಾಲ್ಕನಿಯ ಛಾವಣಿಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಾ ನಿಂತಿದ್ದರು. ಒಂದು ಕಡೆ ಗಟ್ಟಿ ಸದ್ದು, ಒಂದು ಕಡೆ ಪೊಳ್ಳು ಸದ್ದು. ಪೊಳ್ಳು ಬಂದ ಕಡೆ ಕಂದು ಬಣ್ಣದ ಗೆರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲೆ ಒಡೆದಾಗ ಅದರ ಹನಿ ಗಾಳಿಗೆ ಸೇರಿ ಕಾಂಕ್ರೀಟಿಗೆ ಬಂದು ಕೂರುತ್ತದೆ. ವರ್ಷಗಟ್ಟಲೆ ನಿಧಾನಕ್ಕೆ ಇಳಿದು ಒಳಗಿನ ಕಂಬಿ ಮುಟ್ಟುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿದ್ದಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದಂತೆ. ಆ ಒತ್ತಡಕ್ಕೆ ಕಾಂಕ್ರೀಟ್ ಸೀಳುತ್ತದೆ. "ಮೇಲೆ ಎಷ್ಟು ಪೇಂಟ್ ಹೊಡೆದರೂ ಒಳಗಿನದು ನಿಲ್ಲಲ್ಲ" ಎಂದರು. ನಾನು ಕುರ್ಚಿ ಎಳೆದುಕೊಂಡು ಒಳಗೆ ಬಂದೆ.

ಏಸಿಯದು ಬೇರೆಯೇ ಕಥೆ. ಚಿಕ್ಕ ರೂಮಿಗೆ ದೊಡ್ಡ ಯಂತ್ರ. ಐದೇ ನಿಮಿಷಕ್ಕೆ ಥಂಡಿ ಮಾಡಿ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಗಾಳಿಯ ತೇವ ಹೀರಲು ಅದಕ್ಕೆ ಪುರಸೊತ್ತಿಲ್ಲ. ಹಾಗಾಗಿ ಚಳಿಯೂ ಇತ್ತು, ಹೊದಿಕೆಯೂ ಜಿಗುಟು.

ಬೆಳಿಗ್ಗೆ ಒಂಬತ್ತು ದಾಟಿತ್ತು. ಅತ್ತೆ ಸ್ನಾನ ಮುಗಿಸಿ ಬಾಗಿಲು ತೆಗೆಯಲು ಹೋದರು. ಒಳಗಿನಿಂದ ಕಟ ಕಟ ಸದ್ದು. "ಬಾಗಿಲು ಬರ್ತಾ ಇಲ್ಲ ಕಣೋ." ಇವರು ಹೊರಗಿನಿಂದ ಹ್ಯಾಂಡಲ್ ತಿರುಗಿಸಿದರು. ಹ್ಯಾಂಡಲ್ ಕೈಗೇ ಬಂತು.

ಆ ಹ್ಯಾಂಡಲ್ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹೊರಗೆ ಕನ್ನಡಿಯಂಥ ಹೊಳಪು, ನಡುನಡುವೆ ಸೂಜಿಮೊನೆಯಂಥ ಕಂದು ಚುಕ್ಕಿಗಳು. ತಿರುಗಿಸಿ ನೋಡಿದರೆ ಬಾಗಿಲಿನೊಳಗೆ ಕೂರುವ ಭಾಗವೆಲ್ಲ ತುಕ್ಕು. ಉಗುರು ತಾಗಿಸಿದರೆ ಪದರ ಪದರವಾಗಿ ಎದ್ದು ಬರುತ್ತಿತ್ತು. ನನ್ನ ಅಂಗೈಯೆಲ್ಲ ಕೆಂಪು.

ರಿಸೆಪ್ಷನ್‌ಗೆ ಫೋನ್ ಮಾಡಿದೆ. ಐದು ನಿಮಿಷ ಅಂದರು. ಇವರು ಚಮಚದ ಹಿಡಿ ತೂರಿಸಿ ಪ್ರಯತ್ನಿಸಿದರು, ಚಮಚ ಬಾಗಿತು. ಅತ್ತೆಗೆ ಉಸಿರುಕಟ್ಟುತ್ತದೋ ಏನೋ ಎಂದು ನನಗೆ ಭಯ. "ಅತ್ತೆ, ಗಾಬರಿಯಾಗಬೇಡಿ" ಎಂದು ಕೂಗಿದೆ. ಒಳಗೆ ಸದ್ದೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಾತು ಬಂತು.

"ಇಲ್ಲಿ ಕಿಟಕಿ ತೆಗೆದೆ ಕಣೆ. ಸಮುದ್ರ ಪೂರ್ತಿ ಕಾಣುತ್ತೆ!"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಂಬತ್ತೂವರೆ. ಉಬ್ಬರ.

"ನೀರು ಗೋಡೆಗೇ ಬಡೀತಾ ಇದೆ. ಎರಡು ದೋಣಿ ಬಂತು. ನಿಧಾನಕ್ಕೆ ತೆಗೀರಿ, ಅವಸರ ಇಲ್ಲ."

ಐದು ನಿಮಿಷ ಎಂದವರು ಇಪ್ಪತ್ತೈದು ನಿಮಿಷಕ್ಕೆ ಬಂದರು. ಬಂದದ್ದು ನರೆತ ತಲೆಯ ಒಬ್ಬ ಕೆಲಸದವರು. ಕೈಯಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ, ಜೇಬಿನಲ್ಲಿ ಸ್ಕ್ರೂಡ್ರೈವರ್. "ಅಮ್ಮ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ" ಎಂದು ಎಣ್ಣೆ ಬಿಟ್ಟರು. ಬಾಗಿಲನ್ನು ಕಿವಿಗೊಟ್ಟು ಕೇಳುವವರ ಹಾಗೆ ನಿಂತು ಏನೋ ತಿರುಗಿಸಿದರು. ತೆರೆಯಿತು. ಇದು ಈ ತಿಂಗಳಿನಲ್ಲಿ ಎಷ್ಟನೆಯದು ಎಂದು ಇವರು ಕೇಳಿದರೆ ಸುಮ್ನೆ ನಕ್ಕರು.

ಆಮೇಲೆ ಇವರ ಕುತೂಹಲ ನೋಡಿ ಮುಚ್ಚಿದ್ದ ಹಳೇ ಬ್ಲಾಕಿಗೆ ನಮ್ಮನ್ನು ಕರೆದುಕೊಂಡು ಹೋದರು. ಮೊದಲು ಕಟ್ಟಿದ್ದು ಅದನ್ನಂತೆ. ಬಾಗಿಲುಗಳಿಗೆಲ್ಲ ಹಿತ್ತಾಳೆಯ ಚಿಲಕ. ಹಸಿರು ಕಟ್ಟಿ ಮಂಕಾಗಿದ್ದವು. ಅವರು ಒಂದನ್ನು ಒಂದೇ ಬೆರಳಿನಿಂದ ಸರಿಸಿದರು, ಬೆಣ್ಣೆಯಲ್ಲಿ ಜಾರಿದ ಹಾಗೆ ಸರಿಯಿತು. ಸಮುದ್ರದ ಹತ್ತಿರಕ್ಕೆ ಸ್ಟೀಲ್ ಹಾಕುವುದಾದರೆ 316 ಎಂಬ ಬಗೆ ಹಾಕಬೇಕು, ಮಾಲಿಬ್ಡಿನಮ್ ಸೇರಿಸಿರುವುದರಿಂದ ಉಪ್ಪನ್ನು ಜಾಸ್ತಿ ತಡೆಯುತ್ತದೆ ಎಂದರು ಇವರು. "ಹೇಳಿದ್ದೀವಿ ಸಾರ್. ದುಬಾರಿ ಅಂತಾರೆ" ಎಂದರು ಆತ. ಕಾರಂಜಿ ಹೋದ ವರ್ಷ ಹಾಕಿಸಿದ್ದಂತೆ. ಕಟ್ಟಡಕ್ಕೆ ವಯಸ್ಸಾದದ್ದಕ್ಕೆ ನನಗೆ ಬೇಜಾರಿಲ್ಲ. ಮೂಲೆಯಲ್ಲಿ ಎಣ್ಣೆ ಡಬ್ಬಿ ಹಿಡಿದ ಒಬ್ಬರ ಮೇಲೆ ಎಲ್ಲ ಹೊರಿಸಿ, ಎದುರಿಗೆ ಕಾರಂಜಿ ಹಾರಿಸಿ ಬಾಡಿಗೆ ಏರಿಸಿದ್ದಾರಲ್ಲ, ಹೊಟ್ಟೆ ಉರಿದದ್ದು ಅದಕ್ಕೆ.

ಮರುದಿನ ಬೆಳಿಗ್ಗೆ ಅತ್ತೆ ಮತ್ತೆ ಬಾತ್‌ರೂಮಿಗೆ ಹೋದರು, ಕುರ್ಚಿ ಸಮೇತ. ಬಾಗಿಲು ಮುಚ್ಚದಂತೆ ಚಪ್ಪಲಿ ಅಡ್ಡ ಇಟ್ಟು, ಉಬ್ಬರ ಮುಗಿಯುವವರೆಗೂ ಕಿಟಕಿಯ ಪಕ್ಕ ಕೂತಿದ್ದರು. ನಾನೂ ಸ್ವಲ್ಪ ಹೊತ್ತು ಹಿಂದೆ ನಿಂತೆ. ಸುಳ್ಳು ಯಾಕೆ ಹೇಳಲಿ, ನೋಟ ಚೆನ್ನಾಗಿತ್ತು.

ರೂಮು ಬಿಡುವಾಗ ನಾನು ಬ್ಯಾಗು ಎಣಿಸುತ್ತಿದ್ದೆ. ಅಷ್ಟರಲ್ಲಿ ಬಿಲ್ಲು ಅತ್ತೆಯ ಕೈಗೆ ಹೋಗಿತ್ತು. ಕನ್ನಡಕ ಏರಿಸಿ ಮೇಲಿನಿಂದ ಕೆಳಗೆ ಓದಿದರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಹುಡುಗಿಯನ್ನು ಕೇಳಿದರು, "ಸೀ ವ್ಯೂ ಅಂತ ದುಡ್ಡು ಹಾಕಿದ್ದೀರಲ್ಲಮ್ಮ, ಅದು ಬಾತ್‌ರೂಮಿನದಾ?"

ಹುಡುಗಿ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದಳು. ಮಾತುಕತೆ ಕಾಲು ಗಂಟೆ ನಡೆಯಿತು. ಬಿಲ್ಲಿನಲ್ಲಿ ಒಂದು ಕಾಸೂ ಇಳಿಯಲಿಲ್ಲ. ಬದಲಿಗೆ ಮುಂದಿನ ಸಲಕ್ಕೆ ಎಂದು ಒಂದು ರಿಯಾಯಿತಿ ಕೂಪನ್ ಕೊಟ್ಟರು, ಆರು ತಿಂಗಳೊಳಗೆ ಬಳಸಬೇಕಂತೆ. ನಾನು ಅದನ್ನು ಅಲ್ಲೇ ಬಿಟ್ಟು ಬರುತ್ತಿದ್ದೆ. ಅತ್ತೆ ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು.

ಕಾರು ಅರ್ಧ ದಾರಿ ಬರುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ, "ಇನ್ನೊಂದು ಸಲ ಹೋಗುವುದಾದರೆ ಅದೇ ರೂಮು ಕೇಳು. ಎಣ್ಣೆ ಡಬ್ಬಿ ನಾನು ತರ್ತೀನಿ" ಎಂದರು.