ಉಪ್ಪಿನ ಚೀಲಕ್ಕೆ ಎಷ್ಟು ತೆಗೆದಿಡಬೇಕು?

ಹಿಮ ಬಿದ್ದ ಮರುದಿನ ನಮ್ಮ ಬೀದಿಯಲ್ಲಿ ಬೆಳಗಾಗುವುದೇ ಸಲಿಕೆಯ ಸದ್ದಿನಿಂದ. ನಾನಿರುವುದು ಬಾಸ್ಟನ್ ನಗರದ ಡಾರ್ಚೆಸ್ಟರಿನಲ್ಲಿ. ಹಿಮ ನಿಂತ 3 ಗಂಟೆಯೊಳಗೆ ಮನೆಯವರು, ಅಂಗಡಿಯವರು ತಮ್ಮ ತಮ್ಮ ಮುಂದಿನ ಕಾಲುದಾರಿಯನ್ನು ಕನಿಷ್ಠ 42 ಅಂಗುಲ ಅಗಲಕ್ಕೆ ತೆರವು ಮಾಡಬೇಕೆಂಬುದು ಇಲ್ಲಿಯ ನಿಯಮ. ರಾತ್ರಿ ನಿಂತಿದ್ದರೆ ಸೂರ್ಯ ಹುಟ್ಟಿದ ಮೇಲೆ 3 ಗಂಟೆಯ ಅವಕಾಶ. ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ ಸಲೀಸಾಗಿ ಹೋಗಬೇಕಲ್ಲ, ಅದಕ್ಕೇ 42 ಅಂಗುಲ.

ನಿಯಮವೇನೋ ಸರಿ. ಆದರೆ 80 ದಾಟಿದ ಅಜ್ಜಿ ಒಬ್ಬರೇ ಇರುವ ಮನೆಯ ಮುಂದೆ ಸಲಿಕೆ ಹಿಡಿಯುವವರು ಯಾರು? ಲಾರಿ ರಸ್ತೆಯ ಹಿಮವನ್ನೆಲ್ಲ ಬದಿಗೆ ತಳ್ಳಿಕೊಂಡು ಹೋದಾಗ ಬಸ್ ಸ್ಟಾಪಿನ ಎದುರು ಸೊಂಟದೆತ್ತರ ಗುಡ್ಡೆ ನಿಲ್ಲುತ್ತದೆ, ಅದು ಯಾರ ಪಾಲು? ನಮ್ಮ ಬಡಾವಣೆಯ ಮಕ್ಕಳು ಆಯವ್ಯಯ ಅಂದರೇನು ಅಂತ ಕಲಿತದ್ದು ಈ ಗುಡ್ಡೆಯ ಎದುರು ನಿಂತೇ.

ನಾನು ಬೈಂದೂರು ಕಡೆಯವಳು. ಮದುವೆಗೆ ಮುಂಚೆ ಉಡುಪಿಯಲ್ಲಿ ಆಡಿಟರ್ ಒಬ್ಬರ ಆಫೀಸಿನಲ್ಲಿದ್ದೆ, ಇಲ್ಲಿಯೂ ಲೆಕ್ಕಪತ್ರದ ಕೆಲಸವೇ. ಶನಿವಾರ ಬೆಳಿಗ್ಗೆ ಇಲ್ಲಿಯ ಸಮುದಾಯ ಕೇಂದ್ರದಲ್ಲಿ ಹೈಸ್ಕೂಲಿನ 12 ಮಕ್ಕಳಿಗೆ ದುಡ್ಡಿನ ಪಾಠ ಹೇಳಿಕೊಡುತ್ತೇನೆ. ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ತಿಂಗಳಿಗೆ 100 ಡಾಲರ್ ಕೈಗೆ ಬಂದರೆ ಊಟಕ್ಕೆಷ್ಟು, ಬಟ್ಟೆಗೆಷ್ಟು, ಉಳಿತಾಯಕ್ಕೆಷ್ಟು ಅಂತ ಒಂದು ಹಾಳೆ ಕೊಟ್ಟೆ. ಹತ್ತು ನಿಮಿಷದಲ್ಲಿ ತುಂಬಿಸಿ ಕೊಟ್ಟರು. ಹೆಚ್ಚಿನವರು ಉಳಿತಾಯಕ್ಕೆ 50 ಅಂತ ಬರೆದಿದ್ದರು. ಹೈಟಿ ಮೂಲದ ಹುಡುಗಿಯೊಬ್ಬಳು ಮಾತ್ರ ಏನೂ ಬರೆಯದೆ, "ಮಿಸ್, ಇದು ಯಾರ ದುಡ್ಡು?" ಅಂತ ಕೇಳಿದಳು.

ಆ ಪ್ರಶ್ನೆ ಮನಸ್ಸಿನಿಂದ ಹೋಗಲೇ ಇಲ್ಲ. ಆಮೇಲೆ ಗೊತ್ತಾಯಿತು, ಮನೆಯ ಗ್ಯಾಸ್ ಬಿಲ್ಲು, ಫೋನ್ ಬಿಲ್ಲು, ಊರಲ್ಲಿರುವ ಅಜ್ಜಿಗೆ ಕಳಿಸುವ ದುಡ್ಡು ಎಲ್ಲದರ ಲೆಕ್ಕವನ್ನೂ ಅಮ್ಮನ ಜೊತೆ ಕೂತು ಹಾಕುವವಳು ಅವಳೇ. ನಿಜವಾದ ದುಡ್ಡಿನ ಭಾರ ಏನೆಂದು ಆ ಮಗುವಿಗೆ ಗೊತ್ತಿತ್ತು. ನನ್ನ ಹಾಳೆಯಲ್ಲಿ ಆ ಭಾರವೇ ಇರಲಿಲ್ಲ. ಅದರಲ್ಲಿ ಯಾರಿಗೂ ಇಲ್ಲ ಅನ್ನಬೇಕಾಗಿರಲಿಲ್ಲ, ಯಾರ ಮುಖವೂ ಸಪ್ಪಗಾಗುತ್ತಿರಲಿಲ್ಲ.

ದಾರಿ ತೋರಿಸಿದ್ದು ಕೇಂದ್ರದಲ್ಲಿ ನನ್ನ ಜೊತೆ ಕೆಲಸ ಮಾಡುವ ಯುವಕ. 2014ರಲ್ಲಿ ಬಾಸ್ಟನ್ ನಗರಾಡಳಿತ 'ಯೂತ್ ಲೀಡ್ ದ ಚೇಂಜ್' ಎಂಬ ಹೆಸರಿನಲ್ಲಿ ಹತ್ತು ಲಕ್ಷ ಡಾಲರನ್ನು ಊರಿನ ಎಳೆಯರ ತೀರ್ಮಾನಕ್ಕೆ ಬಿಟ್ಟಿತ್ತು. 12ರಿಂದ 25 ವರ್ಷದವರಿಗಷ್ಟೇ ಮತ. ಅಮೆರಿಕದಲ್ಲಿ ಒಂದು ನಗರ ಎಳೆಯರ ಕೈಗೇ ಹೀಗೆ ಆಯವ್ಯಯ ಕೊಟ್ಟದ್ದು ಅದೇ ಮೊದಲು. ಜನರೇ ಕೂತು ಊರಿನ ಹಣ ಹಂಚುವ ಈ ಪದ್ಧತಿ ಬ್ರೆಜಿಲಿನ ಪೋರ್ಟೊ ಅಲೆಗ್ರೆಯಲ್ಲಿ 1989ರಲ್ಲಿ ಶುರುವಾದದ್ದು. ಬಾಸ್ಟನ್ನಿನಲ್ಲಿ ಅದು ನಡೆದಾಗ ಈ ಯುವಕ ಹೈಸ್ಕೂಲಿನಲ್ಲಿದ್ದ, ಮತ ಹಾಕಿದ್ದ. ಮೊದಲು ಊರವರಿಂದ ಸಲಹೆಗಳನ್ನು ಕೂಡಿಸುವುದು, ಆಮೇಲೆ ಒಂದಷ್ಟು ಮಕ್ಕಳು ನಗರದ ಇಲಾಖೆಯವರ ಜೊತೆ ಕೂತು ಪ್ರತಿಯೊಂದಕ್ಕೂ ಅಂದಾಜು ಖರ್ಚು ಹಾಕುವುದು, ಕೊನೆಗೆ ಮತ. ಫ್ರಾಂಕ್ಲಿನ್ ಪಾರ್ಕಿನ ಆಟದ ಜಾಗದ ದುರಸ್ತಿ, ಹೈಸ್ಕೂಲುಗಳಿಗೆ ಲ್ಯಾಪ್‌ಟಾಪ್, ಚಿತ್ರ ಬರೆಯಲು ಗೋಡೆಗಳು ಇವೆಲ್ಲ ಆ ವರ್ಷ ಗೆದ್ದವು.

ಅವನು ಹೇಳಿದ್ದರಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆ ಹಣ ನಗರದ ಬಂಡವಾಳ ವೆಚ್ಚದ ಬಾಬ್ತಿನದು. ಕಟ್ಟುವುದಕ್ಕೆ, ಕೊಳ್ಳುವುದಕ್ಕೆ ಬಳಸಬಹುದು. ಸಂಬಳಕ್ಕೆ, ತಿಂಗಳು ತಿಂಗಳು ನಡೆಯಬೇಕಾದ ಕೆಲಸಕ್ಕೆ ಬಳಸುವಂತಿಲ್ಲ. ನಾವು ದೊಡ್ಡವರು ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಬಂಡವಾಳ ವೆಚ್ಚ, ಕಂದಾಯ ವೆಚ್ಚಗಳ ವ್ಯತ್ಯಾಸವನ್ನು ಆ ಮಕ್ಕಳು ತಮ್ಮ ಆಸೆಯೊಂದು ಪಟ್ಟಿಯಿಂದ ಬಿದ್ದುಹೋದಾಗ ಕಲಿತರು.

ಮುಂದಿನ ವರ್ಷ ಕೇಂದ್ರದ ಸಮಿತಿಯವರನ್ನು ಕೇಳಿದೆ, 600 ಡಾಲರ್ ಕೊಟ್ಟರು. ಮಕ್ಕಳಿಗೆ ಹೇಳಿದ್ದು ಇಷ್ಟೇ: ಕೇಂದ್ರದಿಂದ ನಾಲ್ಕು ಬೀದಿಯೊಳಗಿನ ಯಾವುದಾದರೂ ಒಂದು ತೊಂದರೆಯನ್ನು ಈ ದುಡ್ಡಿನಲ್ಲಿ ಕಡಿಮೆ ಮಾಡಬೇಕು, ಪ್ರತಿ ಡಾಲರಿಗೂ ರಸೀದಿ ಬೇಕು.

ಎರಡು ಶನಿವಾರ ಬೀದಿ ಸುತ್ತಿದರು. ಬೇರೆ ಬೇರೆ ಸಲಹೆಗಳು ಬಂದು, ಕೊನೆಗೆ ಉಳಿದದ್ದು ಚಳಿಗಾಲದ ಬಸ್ ಸ್ಟಾಪು. ಅಲ್ಲಿ ಕೂರಲು ಬೆಂಚಿಲ್ಲ. ವಿಯೆಟ್ನಾಂ ಮೂಲದ ಹುಡುಗನ ಅಜ್ಜಿ ವಾರಕ್ಕೆ ಮೂರು ದಿನ ಅಲ್ಲಿ ಬಸ್ಸಿಗೆ ಕಾಯುತ್ತಾರೆ. ಬೆಂಚೇ ಆಗಬೇಕೆಂದು ಅವನು ಹಟ ಹಿಡಿದ. ವಿಚಾರಿಸಿದರೆ, ನಗರದ ಕಾಲುದಾರಿಯಲ್ಲಿ ಬೆಂಚು ಊರಲು ಅನುಮತಿ ಬೇಕು, ಗಟ್ಟಿ ಬೆಂಚಿನ ಬೆಲೆಗೇ ನಮ್ಮ ದುಡ್ಡು ಸಾಲದು. ಅವನ ಕಣ್ಣು ತುಂಬಿತು. ನಾನು ಅವನನ್ನು ಸಮಾಧಾನ ಮಾಡಲು ಹೊರಟವಳು ತಡೆದುಕೊಂಡೆ. "ಅಜ್ಜಿಗೆ ನೀನೇ ಹೋಗಿ ಹೇಳು, ಯಾಕೆ ಆಗುವುದಿಲ್ಲ ಅಂತ ಲೆಕ್ಕ ಸಮೇತ ಹೇಳು" ಅಂದೆ. ಮುಂದಿನ ವಾರ ಬಂದವನ ಮುಖವೇ ಬೇರೆಯಾಗಿತ್ತು. ಅಜ್ಜಿ ಹೇಳಿದ್ದರಂತೆ: ನಿಲ್ಲುವುದು ನನಗೆ ಕಷ್ಟವಲ್ಲ, ಜಾರದೆ ಅಲ್ಲಿವರೆಗೆ ನಡೆಯುವುದೇ ಕಷ್ಟ.

ಹನ್ನೆರಡು ಮಕ್ಕಳಲ್ಲಿ ಒಬ್ಬರಿಗೂ ಅಲ್ಲಿಯವರೆಗೆ ಅವರನ್ನು ಕೇಳಬೇಕು ಅಂತ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಹಾಗೆ ಉಪ್ಪಿನ ಲೆಕ್ಕ ಶುರುವಾಯಿತು. ಹಿಮ ಕರಗಿಸಲು ಇಲ್ಲಿ ಎರಡು ಬಗೆಯ ಉಪ್ಪು ಸಿಗುತ್ತದೆ. ಕಲ್ಲುಪ್ಪು ಅಗ್ಗ, ಆದರೆ ಚಳಿ ಸೊನ್ನೆಗಿಂತ 9 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೆ ಅದು ಹೆಚ್ಚು ಕೆಲಸ ಮಾಡುವುದಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಎಷ್ಟೋ ಕೆಳಗಿನ ಚಳಿಯಲ್ಲೂ ಕರಗಿಸುತ್ತದೆ, ಬೆಲೆ ಮೂರು ಪಟ್ಟು. ಮೂರು ಅಂಗಡಿಯಿಂದ ಕೊಟೇಶನ್ ತಂದರು. 50 ಪೌಂಡಿನ ಕಲ್ಲುಪ್ಪಿನ ಚೀಲಕ್ಕೆ 11 ಡಾಲರ್, ಕ್ಯಾಲ್ಸಿಯಂ ಚೀಲಕ್ಕೆ 32. ಉಪ್ಪಿನಿಂದ ನಾಯಿಗಳ ಪಾದ ಉರಿಯುತ್ತದೆ ಅಂತ ಒಬ್ಬ ಹುಡುಗ ಎಚ್ಚರಿಸಿದ, ಅರ್ಧ ತಾಸು ಅದೇ ಚರ್ಚೆ. ಕೊನೆಗೆ ಬರೆದ ಪಟ್ಟಿ ನನ್ನ ಹತ್ತಿರ ಇನ್ನೂ ಇದೆ: ಸಲಿಕೆ 6ಕ್ಕೆ 150, ಉಪ್ಪು ಇಡುವ ಮುಚ್ಚಳದ ಪೆಟ್ಟಿಗೆ 2ಕ್ಕೆ 170, ಕತ್ತಲಲ್ಲಿ ಹೊಳೆಯುವ ಅಂಗಿ 12ಕ್ಕೆ 84, ಕ್ಯಾಲ್ಸಿಯಂ 2 ಚೀಲಕ್ಕೆ 64, ಕಲ್ಲುಪ್ಪು 12 ಚೀಲಕ್ಕೆ 132. ಕೂಡಿದರೆ ಸರಿಯಾಗಿ 600. ಒಂದು ಸೆಂಟೂ ಹೆಚ್ಚುಕಮ್ಮಿಯಿಲ್ಲ ಅಂತ ಚಪ್ಪಾಳೆ ತಟ್ಟಿದರು.

"ತೆರಿಗೆ?" ಅಂದಳು ಹೈಟಿಯ ಹುಡುಗಿ. ಮ್ಯಾಸಚೂಸೆಟ್ಸಿನಲ್ಲಿ ಮಾರಾಟ ತೆರಿಗೆ 6.25 ಪ್ರತಿಶತ. ಅಂಗಡಿಯ ಚೀಟಿಯಲ್ಲಿ ಬರೆದ ಬೆಲೆಯ ಮೇಲೆ ಬಿಲ್ಲು ಮಾಡುವಾಗ ಅದು ಸೇರುತ್ತದೆ. 600ಕ್ಕೆ 37 ಡಾಲರ್ 50 ಸೆಂಟು ಕೊರತೆ. ಚಪ್ಪಾಳೆ ನಿಂತಿತು. ಯಾವುದನ್ನು ಬಿಡುವುದು ಅಂತ ಜಗಳವಾಗಿ, ನಾಲ್ಕು ಚೀಲ ಕಲ್ಲುಪ್ಪು ಹೊಡೆದು ಹಾಕುವಷ್ಟರಲ್ಲಿ, ಲಾಭಕ್ಕಲ್ಲದೆ ನಡೆಯುವ ಸಂಸ್ಥೆಗಳಿಗೆ ವಿನಾಯಿತಿ ಇರುತ್ತದೆ ಅಂತ ಆಫೀಸಿನವರು ಪ್ರಮಾಣಪತ್ರ ತೆಗೆದುಕೊಟ್ಟರು. ತೆರಿಗೆ ಯಾರು ಕಟ್ಟುತ್ತಾರೆ, ಯಾರು ಕಟ್ಟುವುದಿಲ್ಲ, ಯಾಕೆ? ಆ ದಿನ ನಾನು ಪಾಠ ಮಾಡಬೇಕಾಗಲಿಲ್ಲ, ಪ್ರಶ್ನೆಗೆ ಉತ್ತರ ಕೊಡುವುದೇ ಸಾಕಾಗಿ ಹೋಯಿತು.

ಡಿಸೆಂಬರಿನಲ್ಲಿ ಎಲ್ಲ ಚೆನ್ನಾಗಿತ್ತು. ಇಬ್ಬಿಬ್ಬರು ಸರದಿಯಲ್ಲಿ ಬಸ್ ಸ್ಟಾಪು, ಒಂಟಿ ಹಿರಿಯರ ಐದು ಮನೆ ನೋಡಿಕೊಂಡರು. ತೆಳುವಾಗಿ ಹಿಮ ಬಿದ್ದರೂ ಕೈತುಂಬ ಉಪ್ಪು ಎರಚಿದರು. ಜನವರಿ ಕೊನೆಗೆ ಪೆಟ್ಟಿಗೆ ಖಾಲಿ. ಫೆಬ್ರವರಿಯಲ್ಲಿ ದೊಡ್ಡ ಹಿಮಗಾಳಿ ಬಂದಾಗ ಸಲಿಕೆ ಇತ್ತು, ಪೆಟ್ಟಿಗೆ ಇತ್ತು, ಹೊಳೆಯುವ ಅಂಗಿ ಇತ್ತು, ಉಪ್ಪಿರಲಿಲ್ಲ. ಬಸ್ ಸ್ಟಾಪಿನ ಅಂಚಿನಲ್ಲಿ ಕರಗಿದ ನೀರು ರಾತ್ರಿ ಗಾಜಿನ ಹಾಗೆ ಗಟ್ಟಿಯಾಗಿ, ಬೆಳಿಗ್ಗೆ ಒಬ್ಬ ಹಿರಿಯರು ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆ ಶನಿವಾರ ಮಕ್ಕಳು ಮಾತಾಡಲಿಲ್ಲ.

ಆ ಮೌನವನ್ನು ವ್ಯರ್ಥ ಮಾಡಬಾರದು ಅನ್ನಿಸಿತು. ಹಳೆಯ ಹವಾಮಾನದ ಲೆಕ್ಕ ತೆಗೆಸಿದೆ. ಬಾಸ್ಟನ್ನಿಗೆ ವರ್ಷಕ್ಕೆ ಸರಾಸರಿ ಸುಮಾರು 49 ಅಂಗುಲ ಹಿಮ. 2014-15ರ ಚಳಿಗಾಲದಲ್ಲಿ ಬಿದ್ದದ್ದು 110.6 ಅಂಗುಲ, ಇಲ್ಲಿಯ ದಾಖಲೆ. ಅದರಲ್ಲಿ ಹೆಚ್ಚಿನ ಪಾಲು ಬಿದ್ದದ್ದು ಜನವರಿ ಕೊನೆಯಿಂದೀಚೆಗೆ. ಸರಾಸರಿಯನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದನ್ನು ಆ ಎರಡು ಅಂಕಿಗಳ ನಡುವಿನ ಅಂತರವೇ ಹೇಳುತ್ತಿತ್ತು. ಮರುವರ್ಷ ಸಲಿಕೆ, ಪೆಟ್ಟಿಗೆ ಕೊಳ್ಳುವುದಿರಲಿಲ್ಲ. ದುಡ್ಡೆಲ್ಲ ಉಪ್ಪಿಗೇ ಅಂತ ಒಬ್ಬ ಅಂದ ಕೂಡಲೇ ಇನ್ನೊಬ್ಬಳು, "ಸಲಿಕೆ ಮುರಿದರೆ?" ಅಂದಳು. ಪಟ್ಟಿಯ ಕೊನೆಗೆ ಒಂದು ಸಾಲು ಸೇರಿತು: ಫೆಬ್ರವರಿ, 160 ಡಾಲರ್, ಮುಟ್ಟಬಾರದು.

ಇದನ್ನೆಲ್ಲ ಭಾನುವಾರ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನಪ್ಪನೂ ಹಾಂಗೇ ಮಾಡ್ತಿದ್ರ್ ಮಗಾ" ಅಂದಳು.

ನಮ್ಮ ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ದಾಟುವಷ್ಟು ನೀರು, ಆಷಾಢದಲ್ಲಿ ಆಳೆತ್ತರ. ಅಡಿಕೆ ಮರ ಕಡಿದು, ಜೋಡಿಸಿ ಕಟ್ಟಿ, ಬದಿಗೊಂದು ಕೈತಾಂಗು ಹಾಕಿ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಕಾಲುಸಂಕ ಮಾಡುತ್ತಿದ್ದರು. ಮನೆಗಿಷ್ಟು ಅಂತ ವಂತಿಗೆ ಎತ್ತುವ ಕೆಲಸ ಅಪ್ಪನದು. ಆ ದುಡ್ಡನ್ನು ಅಪ್ಪ ಪೂರ್ತಿ ಖರ್ಚು ಮಾಡುತ್ತಿರಲಿಲ್ಲವಂತೆ. ನಡು ಮಳೆಗಾಲದಲ್ಲಿ ಸಂಕ ಕೊಚ್ಚಿಹೋದರೆ ಮತ್ತೆ ಯಾರ ಮನೆ ಬಾಗಿಲಿಗೂ ಹೋಗುವಂತಾಗಬಾರದು ಅಂತ ಕಾಲು ಭಾಗ ಡಬ್ಬಿಯಲ್ಲಿ ಇಡುತ್ತಿದ್ದರಂತೆ. ಇಷ್ಟು ವರ್ಷ ಲೆಕ್ಕದ ಕೆಲಸ ಮಾಡಿದ ನನಗೆ ಅಪ್ಪನ ಆ ಡಬ್ಬಿಯ ವಿಷಯ ಗೊತ್ತಿರಲಿಲ್ಲ. ಅಪ್ಪ ಬದುಕಿದ್ದಾಗ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. ಗಟ್ಟಿ ಸಿಮೆಂಟಿನ ಸಂಕ ಬಂದದ್ದು ನಾನು ಕಾಲೇಜು ಸೇರಿದ ಮೇಲೆ.

ನನ್ನ ಕ್ಲಾಸಿನಲ್ಲಿ ಜೊತೆಗೆ ಓದಿದ ಗೆಳತಿ ಈಗ ಊರ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರು. ಅವಳಿಗೆ ನಮ್ಮ ಮಕ್ಕಳ ಎರಡೂ ವರ್ಷದ ಪಟ್ಟಿಯ ಫೋಟೋ ಕಳಿಸಿದೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದಲ್ಲ, ಅಲ್ಲಿ ಮಕ್ಕಳು ಎದ್ದು ನಿಂತು ಶಾಲೆಯ ಶೌಚಾಲಯ, ಬೀದಿ ದೀಪ, ಬಸ್ಸು, ಸಂಕ ಎಲ್ಲವನ್ನೂ ಕೇಳುತ್ತಾರೆ. ಕುಂದಾಪುರ ತಾಲೂಕಿಗೆ ಮಕ್ಕಳ ಪಂಚಾಯಿತಿ ಹೊಸತಲ್ಲ, ತೊಂಬತ್ತರ ದಶಕದಿಂದಲೇ ಅದರ ರೂಢಿಯಿದೆ. "ಕೇಳುದ್ ನಮ್ ಮಕ್ಕಳಿಗೆ ಲಾಯ್ಕ್ ಬತ್ತ್ ಮಾರಾಯ್ತಿ," ಅಂದಳು ಗೆಳತಿ, "ಎಷ್ಟಾತ್ತ್ ಅಂತ ಲೆಕ್ಕ ಹಾಕಿ ಕೇಳುದ್ ಇನ್ನೂ ಕಲ್ಸ್‌ಕ್."

ಕಳೆದ ತಿಂಗಳು ಅವಳು ಒಂದು ಹಾಳೆಯ ಫೋಟೋ ಕಳಿಸಿದಳು. ಎಂಟನೇ ತರಗತಿಯ ಮಕ್ಕಳು ಪೆನ್ಸಿಲಿನಲ್ಲಿ ಬರೆದದ್ದು. ಶಾಲೆಯ ಆಚೆಗಿನ ಹಳ್ಳಕ್ಕೆ ಕಾಲುಸಂಕ: ಅಡಿಕೆ ಮರ ಎಷ್ಟು, ಹಗ್ಗ ಎಷ್ಟು, ಇಬ್ಬರ ಎರಡು ದಿನದ ಕೂಲಿ ಎಷ್ಟು. ಅದರ ಕೆಳಗೆ, ಇದನ್ನೇ ಹತ್ತು ವರ್ಷ ಮಾಡಿದರೆ ಎಷ್ಟಾಗುತ್ತದೆ ಅಂತ ಗುಣಿಸಿ, ಸಿಮೆಂಟಿನ ಸಂಕದ ಅಂದಾಜನ್ನು ಪಕ್ಕದಲ್ಲಿ ಬರೆದಿದ್ದರು. ಅಂದಾಜು ಕೇಳಲು ಮೂವರು ಮಕ್ಕಳು ಊರ ಮೇಸ್ತ್ರಿಯ ಮನೆಗೆ ಹೋಗಿದ್ದರಂತೆ.

ಆ ಹಾಳೆಯನ್ನು ಶನಿವಾರ ಕೇಂದ್ರದ ಗೋಡೆಗೆ ಅಂಟಿಸಿದೆ. ಕನ್ನಡ ಅಂಕಿಗಳನ್ನು ಓದಿ ಹೇಳಿದೆ, ಅಡಿಕೆ ಮರ ಹೇಗಿರುತ್ತದೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಹೈಟಿಯ ಹುಡುಗಿ ಬಹಳ ಹೊತ್ತು ನೋಡಿ ಕೇಳಿದಳು: "ಮಿಸ್, ನಡುವೆ ಕೊಚ್ಚಿಹೋದರೆ ಅನ್ನುವ ಸಾಲು ಇದರಲ್ಲಿ ಇಲ್ಲವಲ್ಲ?" ಅವಳ ಪ್ರಶ್ನೆಯನ್ನು ಅಂದೇ ರಾತ್ರಿ ಊರಿಗೆ ಬರೆದು ಕಳಿಸಿದ್ದೇನೆ, ಅಪ್ಪನ ಡಬ್ಬಿಯ ಕಥೆಯನ್ನೂ ಸೇರಿಸಿ. ಗ್ರಾಮಸಭೆಗೆ ಇನ್ನೂ ಮೂರು ವಾರ ಇದೆಯಂತೆ.