ಅಣುವಿದ್ಯುತ್ತಿನ ಪರವೋ ವಿರೋಧವೋ ಎಂದು ಕೇಳುವವರಿಗೆ

ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಷ್ಟ್ರೇ, ನೀವು ಅಣುವಿದ್ಯುತ್ತಿನ ಪರವೋ, ವಿರೋಧವೋ?" ಕೇಳುವವರ ದನಿಯಲ್ಲೇ ಅವರಿಗೆ ಬೇಕಾದ ಉತ್ತರ ಇರುತ್ತದೆ. ಪರ ಎಂದರೆ ನಾನು ಸರ್ಕಾರದ ಕಡೆಯವನು, ವಿರೋಧ ಎಂದರೆ ಪರಿಸರ ಹೋರಾಟದವರ ಕಡೆಯವನು. ನಾನು ಮಾತ್ರ ಮರುಪ್ರಶ್ನೆ ಹಾಕುತ್ತೇನೆ: ಯಾವ ತಿಂಗಳಲ್ಲಿ, ಎಷ್ಟು ಗಂಟೆಗೆ? ಮೇಷ್ಟರು ತಮಾಷೆ ಮಾಡುತ್ತಿದ್ದಾರೆ ಎಂದು ನಕ್ಕು ಎಲೆಯ ಕಡೆಗೆ ತಿರುಗುತ್ತಾರೆ. ಅದು ತಮಾಷೆಯಲ್ಲವಾದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಏಪ್ರಿಲ್ ತಿಂಗಳ ಮಧ್ಯಾಹ್ನ ಹನ್ನೆರಡಕ್ಕೆ ಕೇಳಿದರೆ ನನ್ನ ಉತ್ತರ ಪಾವಗಡದ ಸೌರ ಪಾರ್ಕ್. ಜುಲೈ ತಿಂಗಳ ಮೋಡ ಮುಸುಕಿದ ದಿನ ಕೇಳಿದರೆ ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು. ಬಿಸಿಲು ಕಡಿಮೆಯಾಗುವ ಮುಂಗಾರಿನಲ್ಲೇ ನಮ್ಮಲ್ಲಿ ಗಾಳಿ ಜೋರು, ಅದೊಂದು ಪುಣ್ಯ. ಅಕ್ಟೋಬರ್ ತಿಂಗಳ ಸಂಜೆ ಏಳೂವರೆಗೆ ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. 2023ರ ಅಕ್ಟೋಬರ್ ನೆನಪಿಸಿಕೊಳ್ಳಿ. ಮಳೆ ಕೈಕೊಟ್ಟಿತ್ತು, ಲಿಂಗನಮಕ್ಕಿ ಜಲಾಶಯ ತುಂಬಿರಲಿಲ್ಲ, ಮಳೆ ಬಂದಿದ್ದರೆ ಸುಮ್ಮನಿರಬೇಕಾಗಿದ್ದ ಪಂಪ್‌ಸೆಟ್‌ಗಳು ಒಂದೇ ಸಮನೆ ಓಡುತ್ತಿದ್ದವು. ಊರೂರಿನಲ್ಲಿ ಲೋಡ್ ಶೆಡ್ಡಿಂಗ್. ಆ ದಿನಗಳಲ್ಲೂ ಹಗಲಿನಲ್ಲಿ ಸೌರವಿದ್ಯುತ್ ತನ್ನ ಪಾಲನ್ನು ಕೊಡುತ್ತಲೇ ಇತ್ತು. ಸೂರ್ಯ ಮುಳುಗಿದ ಮೇಲೆ ನಮ್ಮ ಕೈಹಿಡಿದದ್ದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳು, ಹೊರಗಿನಿಂದ ಕೊಂಡ ವಿದ್ಯುತ್ತು, ಉಳಿದಿದ್ದ ಅಷ್ಟಿಷ್ಟು ನೀರು ಮತ್ತು ಹಗಲು ರಾತ್ರಿ ಒಂದೇ ಗತಿಯಲ್ಲಿ ನಡೆಯುವ ಕೈಗಾ ಅಣುಸ್ಥಾವರ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿನ ಗಣಿ ಒಂದೂ ಇಲ್ಲ ಎಂಬುದು ನಮ್ಮ ಚರ್ಚೆಗಳಲ್ಲಿ ಯಾರಿಗೂ ನೆನಪಿರುವುದಿಲ್ಲ.

ಚರ್ಚೆ ದಾರಿ ತಪ್ಪುವುದು ಮೆಗಾವ್ಯಾಟಿನ ಬಳಿ. ಪತ್ರಿಕೆಯಲ್ಲಿ ಬರೆಯುತ್ತಾರೆ: ಪಾವಗಡದ ಸೌರ ಪಾರ್ಕ್ 2050 ಮೆಗಾವ್ಯಾಟ್, ಕೈಗಾ ಬರೀ 880. ಓದಿದವರು ಸೂರ್ಯನೇ ಎರಡು ಪಟ್ಟು ಗೆದ್ದ ಎಂದುಕೊಳ್ಳುತ್ತಾರೆ. ಮೆಗಾವ್ಯಾಟ್ ಎಂದರೆ ಎತ್ತಿನ ಕಸುವು. ಯೂನಿಟ್ ಎಂದರೆ ಸಂಜೆಯ ಹೊತ್ತಿಗೆ ಅದು ಉತ್ತು ಮುಗಿಸಿದ ಹೊಲ. ಕೊಟ್ಟಿಗೆಯಲ್ಲಿ ರೈತ ಎಷ್ಟು ಜೋಡಿ ಕಟ್ಟಿದ್ದಾನೆ ಎಂದು ಎಣಿಸಿದರೆ ಎಷ್ಟು ಹೊಲ ಉತ್ತ ಎಂದು ತಿಳಿಯುವುದಿಲ್ಲ. ರಾತ್ರಿ, ಮೋಡ, ಬೆಳಗಿನ ಓರೆ ಬಿಸಿಲು ಎಲ್ಲವನ್ನೂ ಕಳೆದರೆ ಸೌರ ಸ್ಥಾವರವೊಂದು ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಕಾಲುಭಾಗಕ್ಕಿಂತ ತುಸು ಕಡಿಮೆ ಕೊಡುತ್ತದೆ. ಹಾಗೆ ಲೆಕ್ಕ ಹಾಕಿದರೆ ಪಾವಗಡದಿಂದ ದಿನಕ್ಕೆ ಸುಮಾರು 1.1 ಕೋಟಿ ಯೂನಿಟ್. ಕೈಗಾ ನೂರಕ್ಕೆ ಎಂಬತ್ತೈದರಷ್ಟು ನಡೆದರೂ 1.8 ಕೋಟಿ. ಅಂದರೆ 'ಚಿಕ್ಕದು' ಹೆಚ್ಚು ಕೊಡುತ್ತಿದೆ. ಇದನ್ನು ಹೇಳಿದ ಕೂಡಲೇ ಪಕ್ಕದವರು ನನ್ನನ್ನು ಅಣುವಿನ ಪಕ್ಷಕ್ಕೆ ಸೇರಿಸಿಬಿಡುತ್ತಾರೆ. ಸ್ವಲ್ಪ ತಾಳಿ. ಕೈಗಾದ ಮೊದಲ ಎರಡು ಘಟಕಗಳ ಕೆಲಸ ಶುರುವಾದದ್ದು 1989ರಲ್ಲಿ, ಅವು ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ದಲ್ಲಿ. ಪಾವಗಡದ ಮೊದಲ ಹಂತ 2018ರಲ್ಲಿ, ಪೂರ್ತಿ ಪಾರ್ಕ್ 2019ರ ಕೊನೆಗೆ ಮುಗಿಯಿತು. ಹನ್ನೊಂದು ವರ್ಷ ಹಣ ಕಟ್ಟಿಹಾಕಿ ಕಾಯುವುದಕ್ಕೂ ಬಡ್ಡಿ ಇರುತ್ತದೆ, ಆ ಬಡ್ಡಿಯೂ ಯೂನಿಟ್ಟಿನ ಬೆಲೆಯೊಳಗೆ ಬಂದು ಕೂರುತ್ತದೆ.

ಈ ಲೆಕ್ಕದಲ್ಲಿ ಹೈಸ್ಕೂಲನ್ನು ಮೀರಿದ ಗಣಿತ ಇಲ್ಲ. ಹಾಗಿದ್ದರೂ ಪದವಿ ಪಡೆದವರಿಗೆ ಇದು ಹೊಸದಾಗಿ ಕೇಳಿಸುತ್ತದೆಯಲ್ಲ, ನನ್ನ ಅಸಲು ಸಂಕಟ ಅದು. ಹತ್ತನೇ ತರಗತಿಯ ಪಠ್ಯದಲ್ಲಿ ಒಂದು ಲೆಕ್ಕವಿದೆ: 400 ವ್ಯಾಟಿನ ರೆಫ್ರಿಜರೇಟರ್ ದಿನಕ್ಕೆ 8 ಗಂಟೆಯಂತೆ 30 ದಿನ ನಡೆದರೆ, ಯೂನಿಟ್ಟಿಗೆ 3 ರೂಪಾಯಿಯಂತೆ ಖರ್ಚೆಷ್ಟು? 96 ಯೂನಿಟ್, 288 ರೂಪಾಯಿ. ಮಕ್ಕಳು ಗುಣಿಸುತ್ತಾರೆ, ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತಾರೆ, ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ನಿಮ್ಮ ಮನೆಯ ಬಿಲ್ ತೆಗೆದುಕೊಂಡು ಬನ್ನಿ, ಮೀಟರ್ ನೋಡಿ ಬನ್ನಿ ಎಂದು ಹೇಳುವ ಶಿಕ್ಷಕರು ಕಡಿಮೆ. ಹೇಳಿದರೂ ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ಕರೆದ ಶಾಲೆಗಳಿಗೆ ಈಗಲೂ ಹೋಗಿ ಒಂದೆರಡು ಪಾಠ ಮಾಡಿ ಬರುತ್ತೇನೆ. ಗೃಹಜ್ಯೋತಿ ಬಂದ ಮೇಲೆ ಅಲ್ಲಿ ಒಂದು ಹೊಸ ತೊಡಕು ಕಂಡಿದ್ದೇನೆ. ಸೊನ್ನೆ ರೂಪಾಯಿಯ ಬಿಲ್ಲನ್ನು ಯಾರೂ ತೆಗೆದಿಡುವುದಿಲ್ಲ. ಬಳಸಿದ ಯೂನಿಟ್ ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿರುತ್ತದೆ, ಓದುವವರಿಲ್ಲ. ಬಡವರ ಮನೆಯ ದೀಪಕ್ಕೆ ಸರ್ಕಾರ ದುಡ್ಡು ಕಟ್ಟುವುದರ ಬಗ್ಗೆ ನನಗೆ ತಕರಾರಿಲ್ಲ. ಅದರ ಜೊತೆಗೆ ಮಕ್ಕಳ ಕೈಯಿಂದ ಒಂದು ಒಳ್ಳೆಯ ಪಾಠದ ಹಾಳೆಯೂ ಜಾರಿತು ಎಂಬುದಷ್ಟೇ ಮಾತು.

ಇದಕ್ಕಿಂತ ಕೆಟ್ಟದ್ದು ದೆಹಲಿಯಲ್ಲಿ ನಡೆಯಿತು. ಎನ್‌ಸಿಇಆರ್‌ಟಿ ಹೊರೆ ಇಳಿಸುವ ಹೆಸರಿನಲ್ಲಿ ಪಠ್ಯ ಕತ್ತರಿಸಿತು. 2023ರಲ್ಲಿ ಹೊಸದಾಗಿ ಅಚ್ಚಾಗಿ ಬಂದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಡಾರ್ವಿನ್ ಇರಲಿಲ್ಲ, ಆವರ್ತ ಕೋಷ್ಟಕ ಇರಲಿಲ್ಲ. ಅವುಗಳಿಗಾಗಿ ವಿಜ್ಞಾನಿಗಳು ಸಹಿ ಹಾಕಿದರು, ಸಂಪಾದಕೀಯಗಳು ಬಂದವು. ಸರಿಯಾದದ್ದೇ. ಆದರೆ ಅದೇ ಕತ್ತರಿಗೆ ಸಿಕ್ಕಿ ಶಕ್ತಿಯ ಆಕರಗಳ ಅಧ್ಯಾಯ ಇಡಿಯಾಗಿ ಹೋಯಿತು: ಉಷ್ಣ, ಜಲ, ಗಾಳಿ, ಜೈವಿಕ ಅನಿಲ, ಸೌರ, ಅಣು ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವ ಒಂದೇ ಒಂದು ಅಧ್ಯಾಯ. ಅದಕ್ಕಾಗಿ ಅತ್ತವರು ಬಹಳ ಕಡಿಮೆ. ಎಸ್ಸೆಸ್ಸೆಲ್ಸಿಯ ನಂತರ ವಿಜ್ಞಾನವನ್ನೇ ಬಿಟ್ಟು ಕಲೆಗೋ ವಾಣಿಜ್ಯಕ್ಕೋ ಹೋಗುವ ಹುಡುಗ, ಹುಡುಗಿ ನಾಳೆ ಗ್ರಾಮ ಪಂಚಾಯಿತಿ ಸದಸ್ಯರಾಗುತ್ತಾರೆ, ಶಾಸಕರಾಗುತ್ತಾರೆ. ಅವರು ಈ ವಿಷಯ ಓದಬಹುದಾಗಿದ್ದ ಕೊನೆಯ ಜಾಗ ಅದಾಗಿತ್ತು.

ನಾನು ತರಗತಿಯಲ್ಲಿ ಕೊಡುವ ಲೆಕ್ಕ ಬೇರೆ. ಜೋಗದ ಎತ್ತರ 253 ಮೀಟರ್. ಅಲ್ಲಿಂದ ಸಾವಿರ ಲೀಟರ್ ನೀರು ಬಿದ್ದರೆ ಎಷ್ಟು ಶಕ್ತಿ? ದ್ರವ್ಯರಾಶಿ, ಗುರುತ್ವ, ಎತ್ತರ ಗುಣಿಸಿ 36 ಲಕ್ಷದಿಂದ (ಒಂದು ಯೂನಿಟ್ ಎಂದರೆ ಅಷ್ಟು ಜೂಲ್) ಭಾಗಿಸಿದರೆ 0.69 ಯೂನಿಟ್. ಇಷ್ಟೇನಾ ಎಂದು ಮಕ್ಕಳ ಮುಖ ಸಪ್ಪೆಯಾಗುತ್ತದೆ. ಒಂದು ಟನ್ ನೀರು ಅಷ್ಟು ಮೇಲಿನಿಂದ ಧುಮುಕಿದರೂ ಒಂದು ಇಸ್ತ್ರಿಪೆಟ್ಟಿಗೆಯನ್ನು ಒಂದು ಗಂಟೆ ನಡೆಸಲಾಗುವುದಿಲ್ಲವೇ? ಇಲ್ಲ. ಈಗ ಕೋಲಾರಕ್ಕೆ ಬನ್ನಿ. ಅಲ್ಲಿ ಸಾವಿರ ಅಡಿಯ ಕೊಳವೆಬಾವಿ ಅಪರೂಪವಲ್ಲ. ಮುನ್ನೂರು ಮೀಟರ್ ಆಳದಿಂದ ಅದೇ ಸಾವಿರ ಲೀಟರ್ ಎತ್ತಲು, ಪಂಪು ಮೋಟಾರು ಏನೂ ಪೋಲು ಮಾಡದಿದ್ದರೂ, 0.82 ಯೂನಿಟ್ ಬೇಕು. ನಿಜವಾದ ಪಂಪುಗಳ ದಕ್ಷತೆ ಅರ್ಧ ಎಂದಿಟ್ಟುಕೊಂಡರೆ 1.6. ಟರ್ಬೈನಿನಲ್ಲಿ, ತಂತಿಯಲ್ಲಿ ಸೋರುವುದನ್ನೂ ಸೇರಿಸಿದರೆ ಕೋಲಾರದ ಟೊಮೆಟೊ ತೋಟಕ್ಕೆ ಸಾವಿರ ಲೀಟರ್ ಹಾಯಿಸಲು ಜೋಗದ ಎತ್ತರದಿಂದ ಎರಡೂವರೆ ಸಾವಿರ ಲೀಟರಿಗೂ ಹೆಚ್ಚು ನೀರು ಬೀಳಬೇಕು. ಇಷ್ಟು ಬರೆದು ಹಲಗೆಯ ಪಕ್ಕಕ್ಕೆ ಸರಿದು ನಿಂತರೆ ಸಾಕು, ಉಳಿದ ರಾಜಕೀಯವನ್ನು ಮಕ್ಕಳೇ ಮಾತಾಡಿಕೊಳ್ಳುತ್ತಾರೆ. ಬಂದ ಮಳೆಯನ್ನು ಕೆರೆಯಲ್ಲೇ ನಿಲ್ಲಿಸಿದ್ದರೆ ಈ ಕರೆಂಟು ಬೇಕಿತ್ತೇ ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದ ಪ್ರಶ್ನೆಗೆ ಯಾವ ಇಂಧನ ಸಚಿವರಿಂದಲೂ ನಾನು ಉತ್ತರ ಕೇಳಿಲ್ಲ.

ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. ಬಳಕೆಯಾಗುವ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗ ಅವಕ್ಕೆ ಹೋಗುತ್ತದೆ. ಹತ್ತು ಅಶ್ವಶಕ್ತಿಯವರೆಗೆ ಉಚಿತ. ಉಚಿತ ಎಂಬುದಕ್ಕಿಂತ ನನ್ನನ್ನು ಕಾಡುವುದು, ಅವುಗಳಲ್ಲಿ ಹೆಚ್ಚಿನವಕ್ಕೆ ಮೀಟರ್ ಇಲ್ಲ ಎಂಬುದು. ವಿದ್ಯುತ್ ನಿಯಂತ್ರಣ ಆಯೋಗ ಮೀಟರ್ ಹಾಕಿ ಎಂದು ಹೇಳುತ್ತಲೇ ಬಂದಿದೆ, ಎಲ್ಲ ಪಕ್ಷದ ಸರ್ಕಾರಗಳೂ ಕೇಳಿಸಿಕೊಳ್ಳದೆ ಬಂದಿವೆ. ಮೀಟರ್ ಬಂದರೆ ಹಿಂದೆಯೇ ಬಿಲ್ ಬರುತ್ತದೆ ಎಂಬ ರೈತನ ಅನುಮಾನ ಸುಳ್ಳಲ್ಲ. ಆದರೆ ಮೀಟರ್ ಇಲ್ಲದ ಕಡೆ ಏನಾಗುತ್ತದೆ? ರೈತ ಎಷ್ಟು ಬಳಸಿದ ಎಂಬುದು ಅಂದಾಜು, ದಾರಿಯಲ್ಲಿ ಎಷ್ಟು ಸೋರಿತು ಎಂಬುದೂ ಅಂದಾಜು. ಕಳವು, ಸೋರಿಕೆ, ಹಳೆಯ ಟ್ರಾನ್ಸ್‌ಫಾರ್ಮರಿನ ನಷ್ಟ ಎಲ್ಲವನ್ನೂ ರೈತನ ಹೆಸರಿಗೆ ಬರೆದುಬಿಡಲು ಅವಕಾಶವಾಗುತ್ತದೆ. ಹೊಳೆಗೆ ಸುರಿದರೂ ಅಳೆದು ಸುರಿ ಎಂದರು ಹಿರಿಯರು. ಪೂರ್ತಿ ಉಚಿತವಾಗಿ ಕೊಡಿ, ಆದರೆ ಅಳೆದು ಕೊಡಿ. ಸಬ್‌ಸ್ಟೇಷನ್ನಿನ ಪಕ್ಕದಲ್ಲೇ ಸೌರ ಫಲಕ ಹಾಕಿ ಪಂಪ್‌ಸೆಟ್ ಫೀಡರಿಗೆ ಹಗಲಿನಲ್ಲೇ ತ್ರೀ ಫೇಸ್ ಕೊಡುವ ಕುಸುಮ್ ಯೋಜನೆಯನ್ನು ನಾನು ಎರಡೂ ಕೈಯೆತ್ತಿ ಒಪ್ಪುತ್ತೇನೆ. ನೀರೆತ್ತುವ ಕೆಲಸಕ್ಕೆ ಹೊತ್ತಿನ ಹಂಗಿಲ್ಲ, ಬಿಸಿಲಿರುವಾಗ ಎತ್ತಿದರಾಯಿತು. ನಡುರಾತ್ರಿ ಹಾವುಚೇಳುಗಳ ನಡುವೆ ಟಾರ್ಚ್ ಹಿಡಿದು ಸ್ಟಾರ್ಟರ್ ಒತ್ತಲು ಹೋಗುವುದಾದರೂ ತಪ್ಪುತ್ತದೆ.

ಇಷ್ಟು ಓದಿ, ಲೆಕ್ಕ ಬಾರದವರೇ ಯೋಜನೆಗಳನ್ನು ವಿರೋಧಿಸುತ್ತಾರೆ ಎಂದು ಯಾರಾದರೂ ತೀರ್ಮಾನಿಸಿದರೆ ಅವರೊಡನೆ ನನ್ನ ಜಗಳವಿದೆ. ಎಂಜಿನಿಯರ್ ಮಿತ್ರರು ಹಾಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಹಾದುಹೋದ ದಾರಿಯ ಹಳ್ಳಿಗಳು ಇನ್ನೂ ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲೇ ಕಳೆದವು. ಶರಾವತಿಯದು ಇನ್ನೂ ಹತ್ತಿರದ ಕತೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರಿನ ಆಚೆ ಸಿಕ್ಕಿಕೊಂಡ ತುಮರಿ, ಕರೂರು ಸೀಮೆಯವರು ಆಸ್ಪತ್ರೆಗೂ ಕಾಲೇಜಿಗೂ ಲಾಂಚ್ ಕಾಯುತ್ತಲೇ ಇದ್ದರು. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಅಂಥ ಊರಿನವನು ಹೊಸ ಯೋಜನೆಯ ನಕ್ಷೆ ಕಂಡರೆ ಬೆಚ್ಚುವುದು ಅಜ್ಞಾನದಿಂದಲ್ಲ, ಅನುಭವದಿಂದ.

ಕೈಗಾದ ವಿಷಯದಲ್ಲೂ ಎರಡೂ ಕಡೆಯ ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡೇ ಮಾತಾಡಬೇಕು. ಶಿವರಾಮ ಕಾರಂತರು 1989ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಕೈಗಾ ವಿರೋಧವನ್ನೇ ಮುಂದಿಟ್ಟು ಲೋಕಸಭೆಗೆ ನಿಂತು ಸೋತರು. ಐದು ವರ್ಷದ ನಂತರ, 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಇಂಧನ ತುಂಬಿರಲಿಲ್ಲ ಎಂಬುದು ನಮ್ಮ ಅದೃಷ್ಟ. 2009ರಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರೀಷಿಯಂ ಸೇರಿ ಐವತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಅದು ಕಾಣಿಸಿಕೊಂಡಿತು. ಒಳಗಿನವರದೇ ಕಿಡಿಗೇಡಿತನ ಎಂದರು. ಅದೇ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದು ಕ್ಷಣವೂ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ವಿರೋಧಿಗಳು ಕೊನೆಯದನ್ನು ಹೇಳುವುದಿಲ್ಲ, ಪರವಾದವರು ಮೊದಲಿನವನ್ನು ಹೇಳುವುದಿಲ್ಲ.

ಕಲ್ಲಿದ್ದಲನ್ನು ಮಾತ್ರ ಯಾರೂ ಕಟಕಟೆಗೆ ಕರೆಯುವುದಿಲ್ಲ. ಒಂದು ಯೂನಿಟ್ಟಿಗೆ ಸುಮಾರು 650ರಿಂದ 700 ಗ್ರಾಂ ಕಲ್ಲಿದ್ದಲು ಉರಿಯುತ್ತದೆ, ಅದರಲ್ಲಿ ಮೂರನೇ ಒಂದು ಭಾಗ ಬೂದಿ. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಯ ಪಾಲಿಗೆ ಇಪ್ಪತ್ತು ಕಿಲೋಗೂ ಮೀರಿ ಬೂದಿ. ಅದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಗಿಲಿಗೆ ಬಂದು ಬೀಳುವುದಿಲ್ಲವಾದ್ದರಿಂದ ಚರ್ಚೆಗೂ ಬರುವುದಿಲ್ಲ.

ಈಗ ನನ್ನ ಉತ್ತರ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ನನ್ನ ವಿರೋಧವಿದೆ. ಗೇರುಸೊಪ್ಪದ ನೀರನ್ನು ಹಗಲಿನ ಬಿಸಿಲಿನ ವಿದ್ಯುತ್ತಿನಿಂದ ತಲಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2000 ಮೆಗಾವ್ಯಾಟ್ ಪಡೆಯುವ ಆಲೋಚನೆ ಭೌತಶಾಸ್ತ್ರದ ಪ್ರಕಾರ ಅಚ್ಚುಕಟ್ಟಾದದ್ದು. ನೂರು ಯೂನಿಟ್ ಹಾಕಿ ಎಪ್ಪತ್ತೈದೋ ಎಂಬತ್ತೋ ತೆಗೆಯಬಹುದು. ಆದರೆ ಆ ಜಾಗ ಸಿಂಗಳೀಕಗಳ ಅಭಯಾರಣ್ಯದ ಒಳಗಿದೆ. ಆಂಧ್ರದ ಪಿನ್ನಾಪುರದಲ್ಲಿ ಹೊಳೆಯನ್ನು ಬಿಟ್ಟು ಒಣನೆಲದ ಮೇಲೆ ಇಂಥದನ್ನೇ ಕಟ್ಟಿದ್ದಾರೆ. ನಮ್ಮಲ್ಲೂ ಬಯಲುಸೀಮೆಯಲ್ಲಿ ಬೋಳುಗುಡ್ಡಗಳಿಗೆ ಬರವಿಲ್ಲ, ಬ್ಯಾಟರಿಯ ಬೆಲೆಯೂ ಇಳಿಯುತ್ತಿದೆ. ಅಲ್ಲದೆ ಲಿಂಗನಮಕ್ಕಿಯೇ ಒಂದು ದೊಡ್ಡ ಸಂಗ್ರಹ. ಹಗಲಿನಲ್ಲಿ ಟರ್ಬೈನ್ ನಿಲ್ಲಿಸಿ ನೀರು ಉಳಿಸಿ, ಸಂಜೆಗೆ ಪೂರ್ತಿ ಓಡಿಸುವುದನ್ನು ಮೊದಲು ಶಿಸ್ತಾಗಿ ಮಾಡಲಿ. ಅದಕ್ಕೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಕೈಗಾದ ಐದು ಮತ್ತು ಆರನೇ ಘಟಕಗಳಿಗೆ, ತಲಾ 700 ಮೆಗಾವ್ಯಾಟ್, ನನ್ನ ಒಪ್ಪಿಗೆಯಿದೆ, ಷರತ್ತಿನ ಮೇಲೆ. ಸುತ್ತಲಿನ ಊರುಗಳ ಗಾಳಿ, ನೀರು, ಮೀನು, ಹಾಲಿನ ವಿಕಿರಣದ ಅಳತೆಯನ್ನು ಸ್ಥಾವರ ನಡೆಸುವವರೇ ಮಾಡಿ ಅವರೇ ಪ್ರಕಟಿಸಿದರೆ ಸಾಲದು. ಹೊರಗಿನ ವಿಶ್ವವಿದ್ಯಾಲಯವೊಂದು ಅಳೆಯಬೇಕು, ವರ್ಷಕ್ಕೊಮ್ಮೆ ಕನ್ನಡದಲ್ಲಿ ಅಚ್ಚಾಗಿ ಕೈಗಾ ಹತ್ತಿರದ ಮಲ್ಲಾಪುರದ ಪಂಚಾಯಿತಿ ಕಚೇರಿಗೆ ತಲುಪಬೇಕು. ಎರಡನೆಯ ಷರತ್ತು ಕಲ್ಲಿದ್ದಲಿನದು. ರಾಯಚೂರಿನ ಮೊದಲ ಘಟಕ ಚಾಲೂ ಆದದ್ದು 1985ರಲ್ಲಿ. ಆ ಸ್ಥಾವರವಿರುವ ಶಕ್ತಿನಗರದ ಸುತ್ತಲಿನವರು ಅಂದಿನಿಂದ ಬೂದಿ ಉಸಿರಾಡುತ್ತಿದ್ದಾರೆ. ಕೈಗಾದ ಹೊಸ ಘಟಕ ಗ್ರಿಡ್‌ಗೆ ಸೇರಿದ ದಿನ ರಾಯಚೂರಿನ ಯಾವ ಹಳೆಯ ಘಟಕ ನಿಲ್ಲುತ್ತದೆ ಎಂಬುದನ್ನು ಈಗಲೇ ಆದೇಶದಲ್ಲಿ ಬರೆಯಬೇಕು. ಅದನ್ನು ಬರೆಯಲು ಸರ್ಕಾರ ತಯಾರಿಲ್ಲದಿದ್ದರೆ ನನ್ನನ್ನು ವಿರೋಧಿಗಳ ಪಟ್ಟಿಗೆ ಸೇರಿಸಿಕೊಳ್ಳಿ.